ತೆಂಗಿನ ಹಲಗೆಗೆ ಎರಡು ಪಿನ್ನಿನ ತೇವಾಂಶ ಮೀಟರ್: ಎಷ್ಟು ನಂಬಬಹುದು?

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೊಲೆ, ರೀಪು ಕೊಯ್ಸುವವರಿಗೆ ಇದು ಕೆಲಸಕ್ಕೆ ಬರುವ ಸಾಮಾನೇ. ಆದರೆ ಪರದೆ ತೋರಿಸಿದ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಮೀಟರ್ ನೀರನ್ನು ಅಳೆಯುವುದಿಲ್ಲ. ಎರಡು ಪಿನ್ನುಗಳ ನಡುವಿನ ವಿದ್ಯುತ್ ರೋಧವನ್ನು ಅಳೆದು ಲೆಕ್ಕ ಕಟ್ಟುತ್ತದೆ. ತೇವಾಂಶ ಶೇ. 10ರಿಂದ 20ಕ್ಕೆ ಏರಿದರೆ ಮರದ ರೋಧ ನೂರಾರು ಪಟ್ಟು ಕುಸಿಯುತ್ತದೆ, ಹಾಗಾಗಿ ಈ ಮಟ್ಟದಲ್ಲಿ ಮೀಟರ್ ಚುರುಕು. ಶೇ. 30 ದಾಟಿದ ಮೇಲೆ ರೋಧ ಹೆಚ್ಚು ಬದಲಾಗದು. ಹಸಿ ತೆಂಗಿನ ಮರದ ನಡುವಿನ ಮೆತ್ತನೆ ತಿರುಳಿನಲ್ಲಿ ಒಣ ತೂಕದ ಎರಡು ಮೂರು ಪಟ್ಟು ನೀರಿರುವುದರಿಂದ ಅಲ್ಲಿ ಪಿನ್ ಚುಚ್ಚಿ ಪ್ರಯೋಜನವಿಲ್ಲ.

ಇನ್ನೊಂದು ತೊಡಕು ಮಾಪನದ್ದು. ಇಂಥ ಮೀಟರ್‌ಗಳನ್ನು ಹೊಂದಿಸುವುದು ಪೈನ್‌ನಂಥ ಮರಗಳಿಗೆ. ತೆಂಗಿನಲ್ಲಿ ವರ್ಷದ ಉಂಗುರಗಳಿಲ್ಲ, ಮೆತ್ತನೆ ತಿರುಳಿನ ನಡುವೆ ಗಟ್ಟಿ ನಾರಿನ ಕಟ್ಟುಗಳಿವೆ. ಪಿನ್ ನಾರಿಗೆ ಬಿದ್ದರೆ ಒಂದು ಅಂಕಿ, ಬೆರಳಗಲ ಸರಿಸಿದರೆ ಇನ್ನೊಂದು. ಪೊಟ್ಯಾಸಿಯಂ, ಕ್ಲೋರೈಡ್ ಲವಣಗಳೂ ಕರೆಂಟ್ ಸಾಗಿಸುತ್ತವೆ. ಹುಳ ಹಿಡಿಯದಂತೆ ಬೋರಾಕ್ಸ್ ಲವಣ ಹಾಕಿದ ಹಲಗೆಯಂತೂ ಇರುವುದಕ್ಕಿಂತ ಹಸಿಯಾಗಿ ಕಾಣುತ್ತದೆ. ಒಂದೇ ಹಲಗೆಯಲ್ಲಿ ಆರೇಳು ಕಡೆ, ನಾರಿನ ಉದ್ದಕ್ಕೆ ಚುಚ್ಚಿ ಸರಾಸರಿ ತೆಗೆಯಿರಿ. 20 ಡಿಗ್ರಿಗೆ ಹೊಂದಿಸಿದ ಮೀಟರ್ ಆದರೆ, 30 ಡಿಗ್ರಿ ಬಿಸಿಲಲ್ಲಿ ಸುಮಾರು 1 ಕಳೆಯಿರಿ.

ತಾಳೆ ನೋಡುವುದು ಹೀಗೆ: ಹಲಗೆಯ ತುದಿ ಬಿಟ್ಟು ಒಳಗಿನಿಂದ 25 ಮಿ.ಮೀ. ತುಂಡು ಕೊಯ್ದು, ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 62 ಗ್ರಾಂ ಇದ್ದದ್ದು 50ಕ್ಕೆ ನಿಂತರೆ, ಹೋದ 12 ಗ್ರಾಂ ನೀರನ್ನು ಒಣ ತೂಕ 50ಕ್ಕೆ ಹೋಲಿಸಿ ತೇವಾಂಶ ಶೇ. 24. ಅರೆ ಒಣಗಿದ ತುಂಡು ಒಂದು, ಚೆನ್ನಾಗಿ ಒಣಗಿದ್ದು ಒಂದು, ಎರಡನ್ನೂ ಹೀಗೆ ನೋಡಿ. ಮೀಟರ್ ಅಂಕಿಗೂ ಓವನ್ ಅಂಕಿಗೂ ವ್ಯತ್ಯಾಸ ಎರಡು ಮಟ್ಟದಲ್ಲೂ ಒಂದೇ ಇರಬೇಕೆಂದಿಲ್ಲ.

ಪಿನ್ ಇಲ್ಲದ ಮಾದರಿ ತೆಂಗಿಗೆ ಬೇಡವೇ ಬೇಡ. ಅದು ನೋಡುವುದು ಡೈಎಲೆಕ್ಟ್ರಿಕ್ ಗುಣವನ್ನು, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದನ್ನು. ನೀರಿನದು ಸುಮಾರು 80, ಒಣ ಮರದ್ದು ಎರಡು ಮೂರರ ಆಸುಪಾಸು. ಆದರೆ ಮರದ ಸಾಂದ್ರತೆಯೂ ಲೆಕ್ಕಕ್ಕೆ ಸೇರುತ್ತದೆ, ತೆಂಗಿನ ಹೊರಭಾಗ ತಿರುಳಿಗಿಂತ ಎರಡು ಮೂರು ಪಟ್ಟು ಸಾಂದ್ರ.

ಇನ್ನೊಂದು ಎಚ್ಚರಿಕೆ: ಮೀಟರ್ 10 ತೋರಿಸಿತು, ಒಣಗಿದೆ, ಕರೆಂಟ್ ಹರಿಯದು ಎಂದುಕೊಂಡು ಅಡಿಕೆ ದಬ್ಬೆಯಲ್ಲಿ ಕರೆಂಟ್ ತಂತಿ ಎತ್ತುವ ಸಾಹಸ ಬೇಡ. ಮೂಡಿಗೆರೆ, ಸಕಲೇಶಪುರದ ಮಳೆಗೆ ದಬ್ಬೆಯ ಮೈ ನೆನೆದರೆ ಒಳಗೆಷ್ಟು ಒಣಗಿದ್ದರೂ ಕರೆಂಟ್ ಮೇಲ್ಮೈಯಲ್ಲೇ ಹರಿಯುತ್ತದೆ.

ಕೊಳ್ಳುವಾಗ ಹೆಚ್ಚುವರಿ ಪಿನ್ ಕೇಳಿ ಪಡೆಯಿರಿ. ಹೊರಭಾಗದ ಗಟ್ಟಿ ಮರಕ್ಕೆ ನೇರ ಒತ್ತಿದರೆ ಪಿನ್ ಬಾಗುತ್ತದೆ. ಪಿನ್ನಿಗಿಂತ ತುಸು ಸಣ್ಣ ಬಿಟ್‌ನಲ್ಲಿ ತೂತು ಹಾಕಿಕೊಂಡು ಚುಚ್ಚಿ. ಸಡಿಲವಾದರೆ ಅಂಕಿ ಕಡಿಮೆ ಬರುತ್ತದೆ.