ಕಲಸಿ ಕೊಡುವ ಬೆಂಜೋಯೇಟ್ ಸಿರಪ್: ವರ್ಷಗಟ್ಟಲೆ ಬಳಸಿದವರ ಅನುಭವ

ಔಷಧಿಗೆ ಐದಕ್ಕೆ ಐದು. ಮಾಡಿ ಕಳಿಸುವವರಿಗೆ ಮೂರು, ಅದೂ ಒಲ್ಲದ ಮನಸ್ಸಿನಿಂದ.

ನಮ್ಮ ಮಗಳಿಗೆ ಸಿಟ್ರುಲಿನೀಮಿಯಾ. ತಿಂದ ಪ್ರೋಟೀನಿನಿಂದ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಹೊರಗೆ ಹಾಕಬೇಕು, ಅವಳಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸೋಡಿಯಂ ಬೆಂಜೋಯೇಟ್ ಕೊಟ್ಟರೆ ಅದು ಮೈಯಲ್ಲಿರುವ ಗ್ಲೈಸಿನ್ ಜೊತೆ ಸೇರಿ, ಅಮೋನಿಯಾ ಆಗಬಹುದಾಗಿದ್ದ ನೈಟ್ರೋಜನ್ ಹೊತ್ತುಕೊಂಡು ಮೂತ್ರದಲ್ಲಿ ಹೋಗುತ್ತದೆ. ಜೊತೆಗೆ ಅರ್ಜಿನಿನ್ ಎಂಬ ಅಮೈನೋ ಆಮ್ಲ, ಮತ್ತೆ ಬೇಳೆ, ಹಾಲು ಎಲ್ಲಾ ಗ್ರಾಂ ಲೆಕ್ಕ.

ತೀರ್ಥಹಳ್ಳಿ ಮೆಡಿಕಲ್ ಶಾಪಿನಲ್ಲಿ ಕೇಳಿದರೆ "ಜ್ಯೂಸು, ಉಪ್ಪಿನಕಾಯಿ ಕೆಡದ ಹಾಗೆ ಹಾಕ್ತಾರಲ್ಲ, ಅದಲ್ವಾ?" ಅಂದರು. ಅದೇ. ಆದರೆ ನಮಗೆ ಬೇಕಾದದ್ದು ಔಷಧಿ ದರ್ಜೆಯದು, ಮಗುವಿನ ತೂಕಕ್ಕೆ ಅಳೆದು ಕೊಡುವಂಥದ್ದು. ರೆಡಿ ಬಾಟಲಿ ನಮಗೆ ಸಿಗಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಒಂದು ಕಡೆ ಚೀಟಿ ನೋಡಿ ಕಲಸಿ ಕೊಡುತ್ತಾರೆ, ಹಿಂದೆ ಡಾಕ್ಟರ ಶಾಪಿನಲ್ಲಿ ಕಾಂಪೌಂಡರ್ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಕೆಂಪು ಮಿಕ್ಸ್ಚರಿನ ಹಾಗೆ.

ಈಗ ನನ್ನ ತಕರಾರು. ಒಂದು ಸಲ ಬಂದ ಬಾಟಲಿ ನೋಡಲು ಅದೇ, ಮುಚ್ಚಳ ಅದೇ, ಬಣ್ಣ ಅದೇ. ಲೇಬಲ್ ಓದಿದರೆ ಮಿಲಿಗೆ 100 ಮಿಲಿಗ್ರಾಂ ಇದ್ದದ್ದು 200 ಆಗಿದೆ! ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಎಂದಿನ ಹಾಗೆ ಸಿರಿಂಜಿನಲ್ಲಿ ಅಷ್ಟೇ ಮಿಲಿ ಎಳೆದಿದ್ದರೆ ಡಬಲ್ ಡೋಸ್. ಈ ಔಷಧಿ ಜಾಸ್ತಿಯಾದರೆ ವಾಂತಿ, ರಕ್ತದಲ್ಲಿ ಆಮ್ಲ ಏರುವುದು, ತಮಾಷೆಯಲ್ಲ. ಕೇಳಿದರೆ "ಕುಡಿಸೋದು ಕಡಿಮೆ ಆಗ್ಲಿ ಅಂತ ಮಾಡಿದ್ವಿ ಮೇಡಂ" ಅಂದರು. ಒಳ್ಳೆಯದೇ, ಆದರೆ ಹೇಳಿ ಮಾಡಿ! ಅಂದಿನಿಂದ ಡಾಕ್ಟರ್ ಚೀಟಿಯಲ್ಲಿ ಮಿಲಿಗ್ರಾಂ, ಮಿಲಿ ಎರಡನ್ನೂ ಬರೆಸುತ್ತೇನೆ, ಬಾಟಲಿ ಬಂದ ಕೂಡಲೇ ಚೀಟಿಯನ್ನೂ ಲೇಬಲನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಪ್ರತಿ ಬ್ಯಾಚಿನ ಪುಡಿಯ ಟೆಸ್ಟ್ ರಿಪೋರ್ಟನ್ನೂ ಕೇಳಿ ಪಡೆಯಿರಿ. ಮೊದಮೊದಲು ಗೊಣಗುತ್ತಾರೆ, ಆಮೇಲೆ ಕೊಡುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಆಸ್ಪತ್ರೆಯೊಂದು 2018ರಲ್ಲಿ ಇಂಥದ್ದೇ ಇನ್ನೊಂದು ಅಪರೂಪದ ಕಾಯಿಲೆಗೆ, ಕಂಪನಿ ಔಷಧಿ ವಿಪರೀತ ದುಬಾರಿಯಾಯಿತು ಅಂತ ತಾನೇ ತಯಾರಿಸಲು ಶುರು ಮಾಡಿ, ಕಚ್ಚಾ ಪುಡಿಯಲ್ಲಿ ಕಲ್ಮಶ ಸಿಕ್ಕಿದ್ದಕ್ಕೆ ನಿಲ್ಲಿಸಬೇಕಾಯಿತು. ಅಷ್ಟು ದೊಡ್ಡ ಆಸ್ಪತ್ರೆಗೇ ಹಾಗಾದರೆ ನಾವು ರಿಪೋರ್ಟ್ ಕೇಳುವುದರಲ್ಲಿ ತಪ್ಪೇನು?

ರುಚಿ? ಉಪ್ಪುಪ್ಪು, ಹಿಂದೆಯೇ ಒಂದು ಕಹಿ. ಮಗು ಕುಡಿಯಲ್ಲ ಅಂತ ಅತ್ತೆ ನಿಂಬೆ ಪಾನಕಕ್ಕೆ ಹಾಕಿದರು, ನೋಡನೋಡುತ್ತಲೇ ಲೋಟದ ತಳದಲ್ಲಿ ಬಿಳಿ ಚೂರು ಇಳಿಯಿತು. ಹುಳಿ ಬಿದ್ದರೆ ಬೆಂಜೋಯಿಕ್ ಆಮ್ಲವಾಗಿ ಬೇರೆಯಾಗುತ್ತದೆ, ಡೋಸ್ ಲೋಟಕ್ಕೇ ಅಂಟಿಕೊಂಡು ಉಳಿಯುತ್ತದೆ. ಈಗ ಬೆಲ್ಲದ ನೀರೇ ಗತಿ.

ಮಳೆಗಾಲದ್ದು ಬೇರೆಯೇ ಕಥೆ. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ, ಕೊರಿಯರ್ ಶಿವಮೊಗ್ಗದಲ್ಲೇ ಕೂತಿರುತ್ತದೆ. ಪುಡಿಯ ಪೊಟ್ಟಣ ತರಿಸಿ ನೋಡಿದೆವು, ನಮ್ಮ ಥಂಡಿಗೆ ಗಟ್ಟಿಯಾಗಿ ಚಮಚಕ್ಕೂ ಜಗ್ಗಲಿಲ್ಲ. ಅದಕ್ಕೇ ಸಿರಪ್ಪೇ ವಾಸಿ, ಜೂನ್ ಹಿಡಿಯುವ ಮೊದಲೇ ಒಂದು ಬಾಟಲಿ ಜಾಸ್ತಿ ತರಿಸಿಡಿ. ಚಿಕ್ಕ ಬಾಟಲಿಯಲ್ಲಿ ಕೊಡಿ ಅಂತ ಇನ್ನೂ ಕೇಳುತ್ತಲೇ ಇದ್ದೇನೆ, ತೆರೆದ ಮೇಲೆ ತಿಂಗಳೊಳಗೆ ಮುಗಿಸಿ ಅಂತ ಬರೆದು ದೊಡ್ಡದನ್ನೇ ಕಳಿಸುತ್ತಾರೆ.