ತಕ್ಕಡಿ ತೂಕ ಮಾತ್ರ ನಂಬಿ ಪಾರ್ಸಲ್ ಕಳಿಸಬೇಡಿ

ಕಾಗದದ ಲ್ಯಾಂಪ್‌ಶೇಡ್ ಮಾಡಿ ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದೆ. ಮೊದಲ ತಿಂಗಳ ಲಾಭವೆಲ್ಲ ಕೊರಿಯರ್ ಬಿಲ್ಲಿಗೇ ಹೋಯಿತು. ಮೋಸ ಆಗಿದೆ ಅಂತ ಸಿಟ್ಟಿನಲ್ಲಿ ಫೋನ್ ಮಾಡಿದೆ. ಆಮೇಲೆ ನೋಡಿದರೆ, ಹೆಚ್ಚಿನದೆಲ್ಲ ನಾನು ಒಪ್ಪಿಕೊಂಡ ರೇಟ್ ಕಾರ್ಡಿನಲ್ಲೇ ಇತ್ತು. ಅಲ್ಲಿನ ಪದಗಳ ಅರ್ಥ ಕೇಳದೆ ಒಪ್ಪಿಕೊಂಡಿದ್ದೆ. ನೀವು ಹಾಗೆ ಮಾಡಬೇಡಿ.

ಮೊದಲ ಪೆಟ್ಟು ತೂಕದ್ದು. ಪ್ಯಾಕ್ ಮಾಡಿದ ಶೇಡ್ ತಕ್ಕಡಿಯಲ್ಲಿ 700 ಗ್ರಾಂ. ಸ್ಲ್ಯಾಬ್ ಅರ್ಧ ಕೆಜಿಯದು, ಅಂದರೆ ತೂಕವನ್ನು ಮುಂದಿನ ಅರ್ಧ ಕೆಜಿಗೆ ಏರಿಸಿ ಬಿಲ್ ಹಾಕುತ್ತಾರೆ; ಆದ್ದರಿಂದ ಒಂದು ಕೆಜಿಯ ಲೆಕ್ಕ ಹಿಡಿದು ಬೆಲೆ ಇಟ್ಟಿದ್ದೆ. ಬಿಲ್ಲಿನಲ್ಲಿ ಬಂದದ್ದು 5.5 ಕೆಜಿ! ಪೆಟ್ಟಿಗೆ ಎಷ್ಟು ಭಾರ ಅನ್ನುವುದರ ಜೊತೆಗೆ ಗಾಡಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅಂತಲೂ ಕೊರಿಯರ್‌ನವರು ನೋಡುತ್ತಾರೆ. ಅದು ವಾಲ್ಯೂಮೆಟ್ರಿಕ್ ತೂಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಮೂರನ್ನೂ ಗುಣಿಸಿ, 5000ದಿಂದ ಭಾಗಿಸಿದರೆ ಕೆಜಿ ಲೆಕ್ಕ ಸಿಗುತ್ತದೆ. ನನ್ನ ಪೆಟ್ಟಿಗೆ ಮೂರೂ ಕಡೆ 30. ಗುಣಿಸಿದರೆ 27000, ಭಾಗಿಸಿದರೆ 5.4. ಸ್ಲ್ಯಾಬ್‌ಗೆ ಏರಿಸಿದಾಗ 5.5. ಎರಡು ತೂಕದಲ್ಲಿ ಯಾವುದು ಜಾಸ್ತಿಯೋ ಅದಕ್ಕೇ ದುಡ್ಡು. ರೇಟ್ ಕಾರ್ಡಿನಲ್ಲಿ ಚಾರ್ಜಬಲ್ ವೇಯ್ಟ್ ಅಂತ ಇರುವುದು ಇದೇ.

ಎಲ್ಲರೂ 5000 ಇಡುವುದಿಲ್ಲ. 4000 ಇಡುವವರೂ ಇದ್ದಾರೆ, 6000 ಇಡುವವರೂ ಇದ್ದಾರೆ. ಆ ಸಂಖ್ಯೆ ಚಿಕ್ಕದಾದಷ್ಟೂ ನಿಮ್ಮ ಖರ್ಚು ಜಾಸ್ತಿ. ಹಾಗಾಗಿ ಕೆಜಿಗೆ ಎಷ್ಟು ಅಂತ ಕೇಳುವ ಮೊದಲು, ಎಷ್ಟರಿಂದ ಭಾಗಿಸುತ್ತೀರಿ ಅಂತ ಕೇಳಿ. ನಾನು ಶೇಡನ್ನೇ ಮಡಚುವ ಹಾಗೆ ಬದಲಾಯಿಸಿದೆ. ಈಗ ಪೆಟ್ಟಿಗೆ 32×32×6. ಅದೇ ಲೆಕ್ಕದಲ್ಲಿ 1.5 ಕೆಜಿಗೆ ನಿಲ್ಲುತ್ತದೆ.

ಆ ಮೊದಲ ತಿಂಗಳು ಕೆಲವು ಪಾರ್ಸಲ್‌ಗೆ 5.5 ಕೆಜಿಗಿಂತಲೂ ಜಾಸ್ತಿ ತೂಕ ಹಾಕಿದ್ದರು. ಅದು ನಿಜಕ್ಕೂ ತಪ್ಪು ಅಳತೆ. ಆದರೆ ತಕರಾರು ಹಾಕಲು ಕೆಲವೇ ದಿನ ಕೊಡುತ್ತಾರೆ, ಫೋಟೋ ಕೇಳುತ್ತಾರೆ. ನನ್ನ ಹತ್ತಿರ ಒಂದೂ ಇರಲಿಲ್ಲ. ಆ ದುಡ್ಡು ಬರಲೇ ಇಲ್ಲ. ಈಗ ಪ್ರತಿ ಪೆಟ್ಟಿಗೆಯ ಮೇಲೆ ಅಳತೆ ಟೇಪ್ ಇಟ್ಟು, ತಕ್ಕಡಿಯ ಅಂಕಿ ಮತ್ತು ಲೇಬಲ್ ಮೇಲಿನ ಎಡಬ್ಲ್ಯೂಬಿ ನಂಬರ್ ಕಾಣುವಂತೆ ಫೋಟೋ ತೆಗೆಯುತ್ತೇನೆ. ಆ ನಂಬರ್ ಪಾರ್ಸಲ್‌ನ ಗುರುತು, ಟ್ರ್ಯಾಕ್ ಮಾಡುವುದೂ ಅದರಿಂದಲೇ. ನಂಬರ್ ಹುಟ್ಟಿದ ಮಾತ್ರಕ್ಕೆ ಪಾರ್ಸಲ್ ಹೊರಟಿದೆ ಅಂತ ಅಲ್ಲ. ಕೊರಿಯರ್‌ನವರು ಪಾರ್ಸಲ್ ಎತ್ತಿಕೊಂಡಾಗ ಮಾಡುವ ಪಿಕಪ್ ಸ್ಕ್ಯಾನ್ ಟ್ರ್ಯಾಕಿಂಗ್‌ನಲ್ಲಿ ಕಾಣುವವರೆಗೆ ಗ್ರಾಹಕರಿಗೆ ಕಳಿಸಿದ್ದೇವೆ ಅನ್ನಬೇಡಿ.

ಇನ್ನು ನನಗೆ ತುಂಬಾ ನೋವಾದ ವಿಷಯ. ಆ ತಿಂಗಳು ಹನ್ನೊಂದು ಪಾರ್ಸಲ್ ವಾಪಸ್ ಬಂದವು. ಹೆಚ್ಚಿನವು ಕ್ಯಾಶ್ ಆನ್ ಡೆಲಿವರಿ. ಹೀಗೆ ತಿರುಗಿ ಬರುವುದಕ್ಕೆ ಆರ್‌ಟಿಒ (ರಿಟರ್ನ್ ಟು ಒರಿಜಿನ್) ಅನ್ನುತ್ತಾರೆ. ಹೋಗುವ ಬಾಡಿಗೆಯೂ ನಮ್ಮದು, ಬರುವ ಬಾಡಿಗೆಯೂ ನಮ್ಮದು. ಎರಡು ಶೇಡ್ ಜಜ್ಜಿ ಹೋಗಿದ್ದವು.

ಇದನ್ನು ತಡೆಯುವ ದಾರಿ ಸೆಲ್ಲರ್ ಪ್ಯಾನೆಲ್‌ನಲ್ಲೇ, ಅಂದರೆ ಮಾರುವವರು ತಮ್ಮ ಪಾರ್ಸಲ್‌ಗಳನ್ನು ನೋಡಿಕೊಳ್ಳುವ ಆನ್‌ಲೈನ್ ಖಾತೆಯಲ್ಲೇ ಇತ್ತು. ಎನ್‌ಡಿಆರ್ (ನಾನ್ ಡೆಲಿವರಿ ರಿಪೋರ್ಟ್) ಅನ್ನುವ ಪುಟ. ಡೆಲಿವರಿ ಹುಡುಗ ಮನೆಗೆ ಹೋದ, ಕೊಡಲು ಆಗಲಿಲ್ಲ, ಕಾರಣ ಇದು ಅಂತ ಅಲ್ಲಿ ಬರುತ್ತದೆ: ಬಾಗಿಲು ಹಾಕಿತ್ತು, ಫೋನ್ ಎತ್ತಲಿಲ್ಲ, ವಿಳಾಸ ಸರಿ ಇಲ್ಲ. ನಾವು ಕೂಡಲೇ ಉತ್ತರ ಕೊಟ್ಟು ಮತ್ತೆ ಪ್ರಯತ್ನಿಸಿ ಅನ್ನಬೇಕು, ಬೇರೆ ಫೋನ್ ನಂಬರ್ ಕೊಡಬೇಕು. ಸಾಮಾನ್ಯವಾಗಿ ಮೂರು ಪ್ರಯತ್ನ ಮುಗಿದರೆ ಪಾರ್ಸಲ್ ತಿರುಗಿಬಿಡುತ್ತದೆ. ನಾನು ಆ ಪುಟವನ್ನು ತೆರೆದೇ ಇರಲಿಲ್ಲ.

ವಾಪಸ್ ಬಂದ ಒಂದರ ಮೇಲೆ 'ಗ್ರಾಹಕರು ಬೇಡ ಅಂದರು' ಅಂತ ಇತ್ತು. ಅವರಿಗೆ ಫೋನ್ ಮಾಡಿದೆ. "ನಾಲ್ಕು ದಿನದಿಂದ ಕಾಯ್ತಾನೇ ಇದ್ದೀನಿ, ಯಾರೂ ಬರಲೇ ಇಲ್ಲವಲ್ಲ" ಅಂದರು. ಮೊದಲ ದಿನವೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅಲ್ವಾ? ಅವರಿಗೆ ಹೊಸ ಶೇಡ್ ಮಾಡಿ, ನನ್ನ ಖರ್ಚಿನಲ್ಲೇ ಕಳಿಸಿದೆ. ಈಗ ದಿನಾ ಬೆಳಿಗ್ಗೆ ಹೊಸ ಆರ್ಡರ್ ನೋಡುವ ಮೊದಲು ಎನ್‌ಡಿಆರ್ ಪುಟ ತೆರೆಯುತ್ತೇನೆ, ಅಲ್ಲಿರುವ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ.