ಚಿತ್ತೆ ಮಳೆ ಕಳೆದ ಮೇಲಿನ ಗುಡವಿ

ಗುಡವಿಗೆ ಯಾವಾಗ ಹೋಗೋಣ ಎಂದರೆ ಹೆಚ್ಚಿನವರು ಜುಲೈ, ಆಗಸ್ಟ್ ಎನ್ನುತ್ತಾರೆ. ಆಗ ಗೂಡು ಕಟ್ಟುವ ಗಡಿಬಿಡಿ ಜೋರು, ನಿಜ. ಆದರೆ ಹಿಡಿದ ಮಳೆ ಬಿಡುವುದಿಲ್ಲ, ಬೈನಾಕ್ಯುಲರಿನ ಗಾಜು ಒರೆಸುವುದರಲ್ಲೇ ಅರ್ಧ ಬೆಳಗು ಹೋಗುತ್ತದೆ. ಸೊರಬ ತಾಲೂಕಿನ ಈ ಪಕ್ಷಿಧಾಮವನ್ನು ನಿಧಾನವಾಗಿ ನೋಡಬೇಕೆಂದರೆ ಚಿತ್ತೆ ಮಳೆ ಮುಗಿಯಬೇಕು. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಅಂತ್ಯದವರೆಗೆ ಕೆರೆ ತುಂಬಿರುತ್ತದೆ, ಬಿಸಿಲು ತಿಳಿಯಾಗಿರುತ್ತದೆ. ಮೊದಲು ಹುಟ್ಟಿದ ಮರಿಗಳು ಕೊಂಬೆಯಿಂದ ಕೊಂಬೆಗೆ ಹಾರಲು ಕಲಿಯುತ್ತಿರುತ್ತವೆ, ತಡವಾಗಿ ಕಟ್ಟಿದ ಗೂಡುಗಳಲ್ಲಿ ಇನ್ನೂ ಗುಟುಕಿನ ಗಲಾಟೆ. ಹಳಬ ಹಕ್ಕಿಯನ್ನೂ ಆ ವರ್ಷದ ಮರಿಯನ್ನೂ ಒಂದೇ ಮರದಲ್ಲಿ ಪಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಳೆಗಾಲ ಕೈಕೊಟ್ಟು ಕೆರೆ ತುಂಬದ ವರ್ಷ ಮಾತ್ರ ಈ ಲೆಕ್ಕವೆಲ್ಲ ತಪ್ಪುತ್ತದೆ. ಮರದ ಬುಡದಲ್ಲಿ ನೀರಿಲ್ಲದಿದ್ದರೆ ಗೂಡಿಗೆ ಕಾವಲಿಲ್ಲ. ಅಂಥ ವರ್ಷ ಸೊರಬದಲ್ಲಿ ವಿಚಾರಿಸಿಕೊಂಡೇ ಹೊರಡಿ.

ಧಾಮ ಸಣ್ಣದು, ಮುಕ್ಕಾಲು ಚದರ ಕಿಲೋಮೀಟರಿನಷ್ಟು. ಸೊರಬದಿಂದ ಬನವಾಸಿ ಕಡೆಗೆ ಸುಮಾರು 16 ಕಿ.ಮೀ. ರೈಲಿನಲ್ಲಿ ಬರುವವರು ತಾಳಗುಪ್ಪದ ಗಾಡಿ ಹತ್ತಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಶಿವಮೊಗ್ಗದಿಂದ ಬೆಳಗಿನ ಜಾವ ಹೊರಟರೆ ಒಳ್ಳೆಯ ಬೆಳಕು ದಾರಿಯಲ್ಲೇ ಕಳೆಯುತ್ತದೆ; ಹಿಂದಿನ ರಾತ್ರಿ ಸಾಗರದಲ್ಲೋ ಸೊರಬದಲ್ಲೋ ಉಳಿಯುವುದು ಜಾಣತನ. ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ದೀಪಾವಳಿಯ ರಜೆ ಮತ್ತು ಭಾನುವಾರ ಬಿಡಿ.

ಇಲ್ಲಿ 200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಆ ಸಂಖ್ಯೆ ಓದಿ ಪಟ್ಟಿ ಹಿಡಿದು ಓಡಾಡುವವರಿಗೆ ಗುಡವಿ ಅರ್ಧವೂ ದಕ್ಕುವುದಿಲ್ಲ. ಇದು ನೀರಲ್ಲೇ ನಿಂತ ಹೊಳೆಲಕ್ಕಿ ಮರಗಳ ಕೆರೆ. ತುಂಬಿದ ಕೆರೆಗೆ ಕೆಸರಿನ ಅಂಚು ಇರುವುದಿಲ್ಲವಾದ್ದರಿಂದ ಕೆಸರಲ್ಲಿ ಮೇಯುವ ಗೊರವ ಹಕ್ಕಿಗಳನ್ನು ಹುಡುಕಬೇಡಿ. ಅವು ಬೇಕಿದ್ದರೆ ದಾರಿಯ ಗದ್ದೆಬಯಲುಗಳೇ ಸರಿ. ಗುಡವಿಗೆ ಬಂದವರು ಗೂಡಿರುವ ಒಂದು ಮರ ಆರಿಸಿಕೊಂಡು ಅದರ ಎದುರು ಕಡಿಮೆಯೆಂದರೆ 40 ನಿಮಿಷ ಕೂರಬೇಕು.

ಹಾವಿನಂಥ ಉದ್ದ ಕತ್ತಿನ ಹಾವಕ್ಕಿಯ (ಡಾರ್ಟರ್) ಗೂಡು ಸಿಕ್ಕರೆ ಅದರ ಎದುರೇ ಕೂರಿ. ನೀರುಕಾಗೆಯ ಮರಿ ಕಪ್ಪಗೆ ಇರುತ್ತದೆ, ಹಾವಕ್ಕಿಯದು ಬಿಳಿ ತುಪ್ಪಳದ್ದು. ದೂರದಿಂದಲೂ ಗುರುತು ಹತ್ತುತ್ತದೆ. ತಾಯಿಯೋ ತಂದೆಯೋ ಬಂದು ಕೂತೊಡನೆ ಮರಿಗಳು ಕತ್ತು ನೀಡಿ ಕೊಕ್ಕಿಗೆ ಮುತ್ತಿಕೊಳ್ಳುತ್ತವೆ. ಒಂದು ಮರಿ ತಲೆಯನ್ನು ದೊಡ್ಡ ಹಕ್ಕಿಯ ಗಂಟಲೊಳಗೇ ತೂರಿಸಿ ಅಲ್ಲಿಂದಲೇ ಮೀನು ಎಳೆದುಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಇನ್ನೊಂದು ಸಂಗತಿ ಗಮನಿಸಿ: ಮರಿಗಳು ಬಾಯಿ ತೆರೆದು ಗಂಟಲಿನ ಚರ್ಮವನ್ನು ಪಟಪಟನೆ ಅದುರಿಸುತ್ತವೆ. ಮೈಯ ಕಾವು ಇಳಿಸಿಕೊಳ್ಳುವ ಬಗೆ ಅದು. ಆ ಹೊತ್ತಿನಲ್ಲಿ ದೊಡ್ಡ ಹಕ್ಕಿ ರೆಕ್ಕೆ ಬಿಡಿಸಿ ನೆರಳು ಕೊಡುತ್ತಾ ನಿಲ್ಲುತ್ತದೆ. ನಮ್ಮ ಗದ್ದಲಕ್ಕೆ ಅದು ಎದ್ದುಹೋದರೆ ಮರಿಗೆ ಬಿಸಿಲೂ ತಾಗುತ್ತದೆ, ಕಾಗೆಯೂ ಎರಗುತ್ತದೆ. ಮಾತಾಡಬೇಡಿ ಎಂದು ಹೇಳುವುದು ಬರೀ ಶಿಸ್ತಿಗಲ್ಲ.

ಶರತ್ಕಾಲದಲ್ಲಿ ಎಲ್ಲರೂ ಎಡವುವುದು ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಜಾತಿಯ ಬೆಳ್ಳಕ್ಕಿಗಳಲ್ಲಿ. ಕೊಕ್ಕು ಕಪ್ಪಾದರೆ ಸಣ್ಣದು, ಹಳದಿಯಾದರೆ ಮಧ್ಯಮ ಅಥವಾ ದೊಡ್ಡದು ಎಂದು ಕಲಿತುಬಂದವರಿಗೆ ಇಲ್ಲಿ ಲೆಕ್ಕ ಸಿಗುವುದಿಲ್ಲ. ಮರಿ ಮಾಡುವ ಕಾಲದಲ್ಲಿ ಮಧ್ಯಮ ಬೆಳ್ಳಕ್ಕಿಯ ಕೊಕ್ಕೂ ದೊಡ್ಡ ಬೆಳ್ಳಕ್ಕಿಯ ಕೊಕ್ಕೂ ಕಪ್ಪಾಗಿರುತ್ತವೆ, ಆಮೇಲೆ ಹಳದಿಗೆ ತಿರುಗುತ್ತವೆ. ಅಕ್ಟೋಬರಿನಲ್ಲಿ ಒಂದೇ ಮರದ ಮೇಲೆ ಕಪ್ಪು, ಹಳದಿ, ನಡುವಿನ ಮಾಸಲು ಎಲ್ಲವೂ ಸಿಗಬಹುದು. ಬಣ್ಣ ಬಿಟ್ಟು ಬಾಯಿಯ ಗೆರೆ ನೋಡಿ. ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಕಪ್ಪು ಕಾಲಿಗೆ ಹಳದಿ ಪಾದವಿದ್ದರೆ ಸಣ್ಣದು, ಅನುಮಾನವೇ ಬೇಡ. ಇರುಳು ಬಕದ ಮರಿಯನ್ನು ಕೊಳದ ಬಕವೆಂದು ಬರೆದುಕೊಳ್ಳುವುದೂ ಮಾಮೂಲು. ಮರಿಯ ಕಂದು ರೆಕ್ಕೆಯ ಮೇಲೆ ಬಿಳಿ ಚುಕ್ಕಿ ಎರಚಿದಂತಿರುತ್ತದೆ. ಕೊಳದ ಬಕ ಹಾರಿದೊಡನೆ ರೆಕ್ಕೆ ಅಚ್ಚಬಿಳಿ. ಬಿಳಿ ಕೆಂಬರಲಿನ (ಐಬಿಸ್) ತಲೆ, ಕತ್ತು ಬೋಳಾಗಿ ಕಪ್ಪಗಿದ್ದರೆ ಹಳಬ, ಕತ್ತಿನಲ್ಲಿ ಪುಕ್ಕವಿದ್ದರೆ ಆ ವರ್ಷದ್ದು. ಚಮಚ ಕೊಕ್ಕಿನ ಮರಿಗೆ ಕೊಕ್ಕು ಗುಲಾಬಿ ಛಾಯೆಯದು, ರೆಕ್ಕೆಯ ತುದಿ ಕಪ್ಪು.

ಈ ಕೆರೆಗೆ 8×42 ಬೈನಾಕ್ಯುಲರ್ (8 ಪಟ್ಟು ವರ್ಧನೆ, 42 ಮಿ.ಮೀ. ಅಗಲದ ಮುಂಗಾಜು) ಸಾಕು, ಅಷ್ಟೇ ಅಲ್ಲ, ಅದೇ ಸರಿ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿ.ಮೀ., 10×42ರಲ್ಲಿ 4.2 ಮಾತ್ರ. ನವೆಂಬರಿನ ಮಂಜು ಮುಸುಕಿದ ಬೆಳಗಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. 10ರ ವರ್ಧನೆಯಲ್ಲಿ ಕೈನಡುಕವೂ ಹೆಚ್ಚಿಗೆ ಕಾಣುತ್ತದೆ, ವೀಕ್ಷಣಾ ಗೋಪುರದ ಮೇಲೆ ಪಕ್ಕದವರು ಕಾಲು ಸರಿಸಿದರೂ ಚಿತ್ರ ಕುಣಿಯುತ್ತದೆ. ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣಲು ಕಣ್ಣಿಗೂ ಗಾಜಿಗೂ ಇರಬೇಕಾದ ಅಂತರ) 15 ಮಿ.ಮೀ. ಮೇಲಿರುವುದನ್ನೇ ಕೊಂಡು, ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಡಬೇಕು.

ಚೆನ್ನಾಗಿರುವ ಬೈನಾಕ್ಯುಲರನ್ನೂ ಮಸುಕು ಎಂದು ಬೈಯುವವರು ಬಹಳ. ಹೆಚ್ಚಿನ ಸಲ ಕಾರಣ ಬಲಗಣ್ಣಿನ ಬಳೆ, ಎಂದರೆ ಆ ಕಣ್ಣಿಗೆ ಮಾತ್ರ ಸ್ಪಷ್ಟತೆ ಹೊಂದಿಸುವ ತಿರುಗಣೆ. ಮೊದಲು ಬಲಗಡೆಯ ಮುಂಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ಒಣಕೊಂಬೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳೆಯಿಂದ ಅದೇ ಕೊಂಬೆ ಸ್ಪಷ್ಟ ಮಾಡಿ. ಬಳೆ ಎಲ್ಲಿಗೆ ನಿಂತಿತೆಂದು ನೆನಪಿಡಿ. ಮನೆಗೆ ಬಂದ ಮೇಲೆ ಒದ್ದೆ ಚೀಲದಲ್ಲೇ ಬಿಟ್ಟರೆ ಮಲೆನಾಡಿನ ಥಂಡಿಗೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ, ಜೇಡರ ಬಲೆಯಂತೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಮಣಿ ಹಾಕಿಡಿ, ಮಣಿಗಳ ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ.

ಕ್ಯಾಮೆರಾದವರಿಗೆ ಒಂದೇ ಮಾತು. ಕಡುಹಸಿರಿನ ಮುಂದೆ ಬಿಳಿ ಹಕ್ಕಿ ಕೂತರೆ ಮೀಟರ್ ಹಸಿರನ್ನು ಅಳೆದು ಹಕ್ಕಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿದರೆ ಗರಿಯ ಎಳೆ ಉಳಿಯುತ್ತದೆ. ಬೆಳಿಗ್ಗೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ತಿರುವುಮುರುವು. ಎದುರು ಬೆಳಕಿಗೆ ಎಲ್ಲವೂ ನೀರುಕಾಗೆಯಂತೆಯೇ ಕಾಣುತ್ತವೆ.

ಹತ್ತಿರದ ಮಂಡಗದ್ದೆ ಪಕ್ಷಿಧಾಮ ಸಾಲದೇ ಎಂದು ಶಿವಮೊಗ್ಗದವರು ಕೇಳುತ್ತಾರೆ. ತೀರ್ಥಹಳ್ಳಿ ರಸ್ತೆಯಲ್ಲಿ 30 ಕಿ.ಮೀ., ತುಂಗೆಯ ನಡುವೆ ಎಕರೆಗಿಂತ ಸ್ವಲ್ಪ ದೊಡ್ಡ ನಡುಗಡ್ಡೆ, ರಸ್ತೆಯಿಂದಲೇ ಕಾಣುತ್ತದೆ. ಆಗಸ್ಟ್‌ನಲ್ಲಿ ಒಂದು ಗಂಟೆ ಬಿಡುವಿದ್ದವರಿಗೆ ಅದೇ ಸರಿ. ದೀಪಾವಳಿಯ ಹೊತ್ತಿಗೆ ಅಲ್ಲಿಯ ಸಂತೆ ಬಹುಮಟ್ಟಿಗೆ ಮುಗಿದಿರುತ್ತದೆ, ಅದಕ್ಕೇ ಶರತ್ಕಾಲಕ್ಕೆ ಗುಡವಿ.

ಉಂಬಳ (ನೆಲದ ಜಿಗಣೆ) ಅಕ್ಟೋಬರಿನಲ್ಲೂ ಇರುತ್ತದೆ, ಹೊಗೆಸೊಪ್ಪಿನ ನೀರಲ್ಲಿ ಅದ್ದಿ ಒಣಗಿಸಿದ ಕಾಲುಚೀಲ ಹಾಕಿ. ಕೊಡೆಯ ಬದಲು ರೇನ್‌ಕೋಟ್ ತನ್ನಿ: ಸ್ವಾತಿ ಮಳೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುತ್ತದೆ, ಬಿಚ್ಚಿದ ಕೊಡೆಗೆ ಹಕ್ಕಿ ಬೆದರುತ್ತದೆ. ಗುಡುಗು ಶುರುವಾದರೆ ಗೋಪುರ ಇಳಿದುಬಿಡಿ. ಬಿದ್ದ ಮರಿ ಕಂಡರೆ ಎತ್ತಿಕೊಳ್ಳದೆ ಅಲ್ಲಿಯ ಸಿಬ್ಬಂದಿಗೆ ತಿಳಿಸಿ.

ಹನ್ನೊಂದಕ್ಕೆ ನೋಡಿ ಮುಗಿಯಿತೆಂದು ಗಾಡಿ ತಿರುಗಿಸಬೇಡಿ. ಬನವಾಸಿಗೆ ಹೋಗಿ ಮಧುಕೇಶ್ವರನ ದರ್ಶನ ಮಾಡಿ, ನಾಲ್ಕೂವರೆಗೆ ಮರಳಿ ಬಂದು ಅದೇ ಮರದ ಎದುರು ಕೂತು, ಬಾಗಿಲು ಮುಚ್ಚುವ ಹೊತ್ತು ಕೇಳಿಕೊಂಡು ಅಷ್ಟರವರೆಗೂ ಇರಿ. ಸೂರ್ಯ ಮುಳುಗುವ ಹೊತ್ತಿಗೆ ಗದ್ದೆಗಳಿಂದ ಬೆಳ್ಳಕ್ಕಿಗಳು ಸಾಲುಸಾಲಾಗಿ ಬಂದಿಳಿಯುತ್ತವೆ, ಕೊಂಬೆಗಾಗಿ ಜಗಳ ಏಳುತ್ತದೆ. ಆ ಗದ್ದಲದ ನಡುವೆಯೇ, ಹಗಲೆಲ್ಲ ಎಲೆಯ ಮರೆಯಲ್ಲಿ ಮುದುಡಿ ಕೂತಿದ್ದ ಇರುಳು ಬಕಗಳು ‘ಕ್ವಾಕ್’ ಎನ್ನುತ್ತಾ ಒಂದೊಂದಾಗಿ ಎದ್ದು ಗದ್ದೆಗಳ ಕಡೆಗೆ ಹೊರಡುತ್ತವೆ.